ಮಬ್ಬಣ್ಣ ಬಡಿದ ಹಾಸಿಗೆ

ಲೋಕ ಮುಳುಗಿಹೋದ ಮೇಲೂ ಎರಡು ಉಳಿದುಕೊಂಡವು. ಒಂದು ತಿಗಣೆ, ಇನ್ನೊಂದು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ. ಬೇರೆಲ್ಲ ಹೋಯಿತು. ಕರೆಂಟು ಹೋಯಿತು, ನಲ್ಲಿ ನೀರು ಹೋಯಿತು, ಟೀವಿ ಹೋಯಿತು, ಪೊಲೀಸರು ಹೋದರು, ಪೊಲೀಸರನ್ನು ಹುಡುಕಲು ಹೋದವರೂ ಹೋದರು. ಬೀದಿಗಳಿಗೆ ಗುಮ್ಮಗಳು ಬಂದವು. ಎಲ್ಲಿಂದ ಬಂದವು ಎಂದು ಮೊದಮೊದಲು ಜನ ಬಹಳ ತಲೆ ಕೆಡಿಸಿಕೊಂಡರು. ನೆಲದ ಬಿರುಕಿನಿಂದ ಎದ್ದವು ಅಂದವರುಂಟು, ಯಾವನೋ ಪ್ರಯೋಗಶಾಲೆಯ ಬಾಗಿಲು ಹಾಕುವುದು ಮರೆತ ಅಂದವರುಂಟು. ನಿಜ ತಿಳಿಯಲು ಹೊರಗೆ ಹೋದವರಲ್ಲಿ ಯಾರೂ ವಾಪಸ್ಸು ಬರದ ಕಾರಣ ಚರ್ಚೆ ಅಲ್ಲಿಗೇ ನಿಂತಿತು.

ಗುಮ್ಮ ಹೇಗಿತ್ತು ಅಂದರೆ, ಒಂದು ಕೋಣೆ ತುಂಬುವಷ್ಟು ಗಾತ್ರ, ಮೈತುಂಬ ಕೊಳಕು ಹತ್ತಿಯಂಥ ಕೂದಲು. ಕುತ್ತಿಗೆ ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಬಾಯಿ ತೆರೆದಾಗ ಮಾತ್ರ ತಲೆ ಯಾವ ಕಡೆ ಅಂತ ತಿಳಿಯುತ್ತಿತ್ತು. ತಿಳಿದವರಿಗೆ ಅದನ್ನು ಇನ್ನೊಬ್ಬರಿಗೆ ಹೇಳಲು ಪುರಸೊತ್ತು ಸಿಗುತ್ತಿರಲಿಲ್ಲ.

ಇಂಥ ಕಾಲದಲ್ಲೂ ನಮ್ಮ ಕಥೆಯ ಕಟ್ಟಡದಲ್ಲಿ ಜನ ಬದುಕಿದ್ದರು, ಅದೂ ಶಿಸ್ತಾಗಿ. ತಾರಸಿಯಲ್ಲಿ ಮಳೆನೀರು ಹಿಡಿದು, ಬಾಲ್ಕನಿಯ ಕುಂಡಗಳಲ್ಲಿ ಗೆಣಸು ಬೆಳೆದು, ಎತ್ತರದ ಕಬ್ಬಿಣದ ಗೇಟಿಗೆ ಬೀಗ ಜಡಿದುಕೊಂಡು ಬದುಕಿದ್ದರು. ಬೀಗದ ಕೈ ಸಂಘದ ಅಧ್ಯಕ್ಷರ ಕೊರಳಲ್ಲಿ ನೇತಾಡುತ್ತಿತ್ತು. ಸ್ನಾನಕ್ಕೂ ಅವರು ಅದನ್ನು ತೆಗೆಯುತ್ತಿರಲಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಹಾಸಿಗೆ ದಿನ. ಆ ಬೆಳಗ್ಗೆ ಎಲ್ಲರೂ ತಮ್ಮ ತಮ್ಮ ಹಾಸಿಗೆಗಳನ್ನು ಬಾಲ್ಕನಿಯಿಂದ ಅಂಗಳಕ್ಕೆ ಎಸೆಯಬೇಕು, ಮಬ್ಬಣ್ಣ ಇಳಿದುಹೋಗಿ ಅವನ್ನೆಲ್ಲ ಬೆತ್ತದಿಂದ ಬಡಿದು ತಿಗಣೆ ಉದುರಿಸಬೇಕು. ಗುಮ್ಮ ತಿನ್ನುವುದು ಒಂದೇ ಸಲ, ತಿಗಣೆ ದಿನಾ ತಿನ್ನುತ್ತದೆ ಎಂಬ ಕಾರಣಕ್ಕೆ ಈ ಕೆಲಸಕ್ಕೆ ಕಟ್ಟಡದಲ್ಲಿ ಬೆಲೆ ಇತ್ತು. ಕೆಲಸ ಮಾಡುವವನಿಗೆ ಮಾತ್ರ ಇರಲಿಲ್ಲ.

ಮಬ್ಬಣ್ಣನಿಗೆ ಇನ್ನೂ ಮೀಸೆ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ವಯಸ್ಸು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಸೀಸೆಯ ತಳದಂಥ ಅವನ ಕನ್ನಡಕ ನೋಡಿದವರಿಗೆ ಆ ಹೆಸರು ನೆನಪಿರುತ್ತಿರಲಿಲ್ಲ. ಅಪ್ಪನದು ಹಾಸಿಗೆ ಹೊಲಿಯುವ ಕಸುಬು. ಗುಮ್ಮ ಬಂದ ಗಲಾಟೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು, ಬೆತ್ತ ಉಳಿಯಿತು, ಅಕ್ಕ ಉಳಿದಳು. ಅಕ್ಕನನ್ನು ಬಿಟ್ಟರೆ ಅವನಿಗೆ ಲೋಕದಲ್ಲಿ, ಅಂದರೆ ಲೋಕ ಎಂದು ಉಳಿದಿದ್ದಷ್ಟರಲ್ಲಿ, ಬೇರೆ ಯಾರೂ ಇರಲಿಲ್ಲ. ಭಾವ ಇದ್ದ, ಒಳ್ಳೆಯವನೇ. ಮೊದಲು ಮನೆಮನೆಗೆ ಹೋಗಿ ಜೀವವಿಮೆ ಮಾಡಿಸುತ್ತಿದ್ದವನು. ಈಗ ಕಿಟಕಿಯ ಹತ್ತಿರ ಹೋಗಲೂ ಹೆದರುತ್ತಿದ್ದ. ಅಕ್ಕ ತುಂಬು ಬಸುರಿ.

ಆವತ್ತು ಹಾಸಿಗೆ ದಿನ. ಮಬ್ಬಣ್ಣ ತನ್ನ ಕನ್ನಡಕವನ್ನು ಹುಡುಕುತ್ತ ಹುಡುಕುತ್ತ ಅದರ ಮೇಲೇ ಕುಳಿತುಬಿಟ್ಟ.

"ಆಯ್ತು, ಮುಗೀತು," ಅಂದಳು ಅಕ್ಕ. "ಏಳು ಮೇಲೆ. ಕಡ್ಡಿ ಮುರಿದಿದೆ, ಪುಣ್ಯಕ್ಕೆ ಗಾಜು ಉಳಿದಿದೆ. ಸ್ವಲ್ಪ ತಡಿ, ದಾರ ಸುತ್ತಿ ಕೊಡ್ತೀನಿ."

"ಹೊತ್ತಾಯ್ತಕ್ಕ. ಎಲ್ರೂ ಹಾಸಿಗೆ ಎಸೆದಾಯ್ತು."

"ಕನ್ನಡಕ ಇಲ್ದೆ ನಿಂಗೆ ಏನೋ ಕಾಣುತ್ತೆ?"

"ಹಾಸಿಗೆ ಬಡಿಯೋಕೆ ಕಣ್ಣು ಯಾಕೆ? ಕಣ್ಣು ಕಟ್ಟಿ ಬಿಟ್ರೂ ಬಡಿತೀನಿ. ಅಪ್ಪನ ಮಗ ನಾನು!" ಎಂದು ಎದೆಯುಬ್ಬಿಸಿ ಹೊರಟ ಮಬ್ಬಣ್ಣ ನೇರವಾಗಿ ಕಪಾಟಿನ ಒಳಗೆ ಹೋದ.

"ಅದು ಕಪಾಟು ಕಣೋ."

"ಗೊತ್ತು. ಬೆತ್ತ ತಗೊಳ್ಳೋಣ ಅಂತ ಬಂದೆ."

"ಬೆತ್ತ ನಿನ್ನ ಕೈಯಲ್ಲೇ ಇದೆ."

ಮಬ್ಬಣ್ಣ ಘನತೆಯಿಂದ ಕಪಾಟಿನ ಬಾಗಿಲು ಮುಚ್ಚಿ, ಗೋಡೆ ಸವರಿಕೊಂಡು ಹೊರಟುಹೋದ.

ಇತ್ತ ಕೆಳಗೆ ನಡೆದದ್ದನ್ನು ಈಗಲೇ ಹೇಳಿಬಿಡಬೇಕು. ಅಧ್ಯಕ್ಷರ ಕಾರು ಗೇಟಿನ ಹೊರಗೆ ಬೀದಿಯಲ್ಲಿ ನಿಂತಿತ್ತು. ಪೆಟ್ರೋಲು ಮುಗಿದು, ಚಕ್ರ ಕೂತು ಯಾವ ಕಾಲವೋ ಆಗಿತ್ತು. ಆದರೂ ಕಾರು ಕಾರೇ ತಾನೆ? ಬೀದಿ ಖಾಲಿ ಇದ್ದಾಗ ಅಧ್ಯಕ್ಷರು ಯಾರಿಗೂ ಕಾಣದಂತೆ ಹೊರಗೆ ಹೋಗಿ ಅದನ್ನು ಒರೆಸಿ ಬರುತ್ತಿದ್ದರು. ಆ ಬೆಳಗ್ಗೆ ಬಾನೆಟ್ಟು ಒರೆಸುತ್ತಿರುವಾಗ ಬೀದಿಯ ತಿರುವಿನಲ್ಲಿ ಏನೋ ಗುರ್ ಅಂತು. ಅಧ್ಯಕ್ಷರು ಬಟ್ಟೆ ಅಲ್ಲೇ ಬಿಸಾಡಿ ಒಂದೇ ಉಸಿರಿಗೆ ಎರಡನೇ ಮಹಡಿ ಸೇರಿ ಚಿಲಕ ಹಾಕಿಕೊಂಡರು. ಚಿಲಕ ಮನೆ ಬಾಗಿಲಿಗೆ ಹಾಕಿದರು. ಗೇಟಿಗೆ ಬೀಗ ಹಾಕುವುದು ಮರೆತರು.

ಗುಮ್ಮ ಒಳಗೆ ಬಂತು. ಅದಕ್ಕೂ ಪಾಪ, ಮೈತುಂಬ ತಿಗಣೆ. ಕಂಬ ಕಂಡಲ್ಲಿ ಮೈ ಉಜ್ಜುತ್ತ, ಗೋಡೆ ಕಂಡಲ್ಲಿ ಬೆನ್ನು ತಿಕ್ಕುತ್ತ ಬಂದ ಆ ಪ್ರಾಣಿ ಬಿಸಿಲು ಬಿದ್ದ ಅಂಗಳದಲ್ಲಿ ಮೆತ್ತಗಿನ ಹಾಸಿಗೆಗಳನ್ನು ನೋಡಿ ಅವುಗಳ ನಡುವೆ ಅಡ್ಡಬಿದ್ದು ಕಣ್ಣು ಮುಚ್ಚಿತು.

ಮಬ್ಬಣ್ಣ ಅಂಗಳಕ್ಕೆ ಬಂದ. ಅವನ ಕಣ್ಣಿಗೆ ಅಂಗಳದಲ್ಲಿ ಬೆಳ್ಳಗೆ, ಬೂದಿ ಬಣ್ಣಕ್ಕೆ ಏನೇನೋ ಹರಡಿಕೊಂಡಿತ್ತು. ಎಲ್ಲಕ್ಕಿಂತ ದೊಡ್ಡದು ನಡುವೆ.

"ಇದು ಮೂರನೇ ಮಹಡಿ ಮಾವಂದೇ," ಎಂದು ಗೊಣಗಿದ. ಮೂರನೇ ಮಹಡಿಯ ಮಾವ ಯಾರಿಗೂ ಮಾವನಲ್ಲ, ಆದರೆ ಆ ಗಾತ್ರದ ಮನುಷ್ಯನನ್ನು ಮಾವ ಅನ್ನದೆ ಬೇರೇನೂ ಅನ್ನಲಾಗುತ್ತಿರಲಿಲ್ಲ. "ಮನುಷ್ಯನಂತೆಯೇ ಹಾಸಿಗೆ. ಎಷ್ಟು ಕಾಲ ಆಯ್ತೋ ಬಿಸಿಲಿಗೆ ಹಾಕಿ! ನಾತ ನೋಡು, ನಾತ!"

ಬೆತ್ತ ಎತ್ತಿ ಬಡಿದ. ಧೂಳೆದ್ದಿತು. ಇನ್ನೊಂದು ಬಡಿದ. ತಿಗಣೆಗಳು ಬೊಗಸೆಗಟ್ಟಲೆ ಉದುರಿದವು.

ಅಷ್ಟರಲ್ಲಿ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮೊದಲ ಮಹಡಿಯ ಟೀಚರಮ್ಮ ಗೆಣಸಿನ ಬಳ್ಳಿಗೆ ನೀರು ಹಾಕುತ್ತಿದ್ದವರು ಕೆಳಗೆ ನೋಡಿ ಚೆಂಬು ಹಿಡಿದಲ್ಲೇ ಕಲ್ಲಾದರು. ಕೂಗಿದರೆ ಗುಮ್ಮ ಏಳುತ್ತದೆ, ಕೂಗದಿದ್ದರೆ ಹುಡುಗ ಹೋಗುತ್ತಾನೆ. ಬಾಯಿ ತೆರೆದರು, ಮುಚ್ಚಿದರು. ಮಾವ ಬಾಲ್ಕನಿಯಲ್ಲಿ ತಮ್ಮ ದೇಹವೆಲ್ಲ ನಡುಗುವುದನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲಿಸುತ್ತಿದ್ದರು.

ಕೆಳಗೆ ಮಬ್ಬಣ್ಣನಿಗೆ ಕೆಲಸದ ಹುಮ್ಮಸ್ಸು ಬಂದಿತ್ತು. ಹಾಸಿಗೆಯ ಮೇಲೆ ಒಂದು ಕಾಲು ಊರಿ, "ತಗೋ! ಇನ್ನೂ ಬೇಕಾ? ತಗೋ!" ಎಂದು ಬಾರಿಸುತ್ತಿದ್ದ. ಹಾಸಿಗೆ ಉಶ್ಶ್ ಎಂದು ದೊಡ್ಡ ಉಸಿರು ಬಿಟ್ಟಿತು. ಹತ್ತಿ ಹಳೆಯದಾದರೆ ಹಾಗೆಯೇ ಗಾಳಿ ಬಿಡುತ್ತದೆ ಎಂದು ಅಪ್ಪ ಹೇಳಿದ್ದು ಅವನಿಗೆ ನೆನಪಾಯಿತು. "ಈ ಮಗ್ಗುಲು ಆಯ್ತು. ಇನ್ನು ಇದನ್ನ ಮಗುಚೋದು ಹೇಗಪ್ಪಾ," ಅಂದುಕೊಳ್ಳುವಷ್ಟರಲ್ಲಿ ಹಾಸಿಗೆ ತಾನಾಗಿಯೇ ಹೊರಳಿತು. ಯಾರೋ ಪುಣ್ಯಾತ್ಮರು ಆ ಕಡೆಯಿಂದ ಕೈ ಕೊಟ್ಟರು ಎಂದುಕೊಂಡು ಮಬ್ಬಣ್ಣ ಹೊಟ್ಟೆಯ ಭಾಗವನ್ನೂ ಬಡಿದು ಮುಗಿಸಿದ.

ಕೊನೆಗೆ ಗುಮ್ಮ ಎದ್ದು, ಮೈ ಝಾಡಿಸಿ, ತೂಕಡಿಸುತ್ತ ಗೇಟಿನಿಂದ ಆಚೆ ಹೋಯಿತು. ಮಬ್ಬಣ್ಣನಿಗೆ ಕಂಡದ್ದು ಇಷ್ಟೇ: ಯಾರೋ ಹಾಸಿಗೆ ಹೊತ್ತುಕೊಂಡು ಒಂದು ಮಾತೂ ಆಡದೆ ಹೋದರು. ಅವನಿಗೆ ಸಿಟ್ಟು ಬಂತು.

"ರೀ! ಇಷ್ಟು ಹೊತ್ತು ಬಡಿಸ್ಕೊಂಡು ಒಂದು ಥ್ಯಾಂಕ್ಸ್ ಹೇಳೋಕಾಗಲ್ವಾ? ಮರ್ಯಾದೆ ಬೇಡ್ವಾ?" ಎಂದು ಬೆತ್ತ ಬೀಸಿ ಕೂಗಿದ.

ಗುಮ್ಮನಿಂದ ಥ್ಯಾಂಕ್ಸ್ ಕೇಳಿದ ಮನುಷ್ಯನನ್ನು ಕಟ್ಟಡ ಅದೇ ಮೊದಲು ನೋಡಿದ್ದು.

ಉಳಿದ ಹಾಸಿಗೆಗಳನ್ನೂ ಬಡಿದು ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಅಧ್ಯಕ್ಷರು ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋಗಿ ಗೇಟಿಗೆ ಬೀಗ ಹಾಕಿ ಬಂದಿದ್ದರು. ಮೊದಲ ಮಹಡಿಯ ಮೊಗಸಾಲೆಯಲ್ಲಿ ಎಲ್ಲರೂ ನೆರೆದಿದ್ದರು.

"ಏನಪ್ಪಾ, ನಿಂಗೆ ಹೆದರಿಕೆ ಅನ್ನೋದೇ ಇಲ್ವಾ?" ಎಂದರು ಟೀಚರಮ್ಮ, ಇನ್ನೂ ಚೆಂಬು ಹಿಡಿದುಕೊಂಡೇ.

"ಹೆದರಿಕೆ ಯಾಕೆ ಟೀಚರ್? ವಾರವಾರ ಮಾಡೋ ಕೆಲಸ."

"ವಾರವಾರ!"

"ಚಿಕ್ಕ ವಯಸ್ಸಿಂದ. ನಮ್ಮಪ್ಪ ಅಂತೂ ದಿನಕ್ಕೆ ಹತ್ತು ಮುಗಿಸಿಬಿಡ್ತಿದ್ರು."

"ಹತ್ತಾ!" ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸೌಮ್ಯ ಮನುಷ್ಯನ ಬಗ್ಗೆ ಅವರಿಗೆ ಈ ವಿಷಯ ಗೊತ್ತೇ ಇರಲಿಲ್ಲ.

"ಇವತ್ತಿಂದು ಸ್ವಲ್ಪ ದಪ್ಪ, ಒಪ್ಕೋತೀನಿ. ಒಳಗೆ ಏನೇನೋ ತುಂಬ್ಕೊಂಡಿತ್ತು."

ಒಳಗೆ ಏನೇನು, ಯಾರ್‍ಯಾರು ತುಂಬಿಕೊಂಡಿದ್ದರು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮಾವನ ಗಾತ್ರದ ನೆರಳು ಕಂಡಿದ್ದೇ ಮಬ್ಬಣ್ಣ ಹಾಸಿಗೆಯ ವಿಷಯಕ್ಕೆ ತರಾಟೆಗೆ ತೆಗೆದುಕೊಳ್ಳೋಣ ಎಂದು ಅತ್ತ ತಿರುಗಿದ. ಆದರೆ ಮಾವ ಓಡಿಬಂದು ಅವನನ್ನು ತಬ್ಬಿಕೊಂಡೇಬಿಟ್ಟರು.

"ಕಣ್ಣಾರೆ ನೋಡ್ದೆ ಕಣೋ! ಗುಮ್ಮನ ಬೆನ್ನ ಮೇಲೆ ಕಾಲಿಟ್ಟು, ತಗೋ ತಗೋ ಅಂತ ಬಾರಿಸಿದ್ಯಲ್ಲೋ! ಗುಮ್ಮನ್ನ! ಹೊಟ್ಟೆ ಮೇಲೆ ಮಾಡಿ ಮಲಗಿಸಿ ಹೊಡೆದ್ಯಲ್ಲೋ ನನ್ನ ರಾಜಾ!"

ಮಬ್ಬಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಆ ನಾತ, ಆ ಬಿಸಿ ಉಸಿರು, ಆ ಹೊರಳಾಟ, ಎಲ್ಲ ಒಟ್ಟಿಗೆ ಬಂದು ತಲೆಗೆ ಹೊಡೆಯಿತು. ಮಾವನ ತೋಳಿನಿಂದ ಜಾರಿ ನೆಲದ ಮೇಲೆ ಕುಳಿತುಬಿಟ್ಟ.

"ನೋಡಿ, ಎಷ್ಟು ಸರಳ! ಕುರ್ಚಿ ಇದ್ರೂ ನೆಲದ ಮೇಲೆ ಕೂತ!" ಎಂದು ಜನ ಕಣ್ಣೊರೆಸಿಕೊಂಡರು.

"ಅಲ್ಲ, ಗುಮ್ಮ ಒಳಗೆ ಬಂದಿದ್ದಾದ್ರೂ ಹೇಗೆ? ಗೇಟು..." ಎಂದು ಟೀಚರಮ್ಮ ಶುರುಮಾಡಿದರು. ಅವರು ಮೊದಲು ಗಣಿತ ಹೇಳಿಕೊಡುತ್ತಿದ್ದವರು, ಉತ್ತರ ಬರುವ ತನಕ ಬಿಡುವ ಪೈಕಿಯಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಮುಂದೆ ಬಂದರು. "ಗೇಟು ತೆರೆದದ್ದು ಸಂಘ. ಈ ಹುಡುಗ ನನ್ನ ಹತ್ರ ಗುಟ್ಟಾಗಿ ಬಂದು, ಅಧ್ಯಕ್ಷರೇ, ಒಂದು ಗುಮ್ಮನ್ನ ಒಳಗೆ ಬಿಡಿ, ನಾನು ವಿಚಾರಿಸ್ಕೋತೀನಿ ಅಂತ ಕೇಳ್ಕೊಂಡ. ಯುವಕರಿಗೆ ಪ್ರೋತ್ಸಾಹ ಕೊಡೋದು ನಮ್ಮ ಧರ್ಮ. ಅಲ್ವೇನಪ್ಪಾ?"

ಮಬ್ಬಣ್ಣ ಇಲ್ಲ ಅನ್ನಲು ತಲೆಯೆತ್ತಿದ. ಸುತ್ತ ಮುಖಗಳು ಮಸುಕುಮಸುಕಾಗಿ ಕಂಡವು, ಆದರೆ ಒಂದು ಮಾತ್ರ ಸ್ಪಷ್ಟವಾಗಿತ್ತು: ಯಾರೂ ನಗುತ್ತಿರಲಿಲ್ಲ. ಅವನನ್ನು ನೋಡಿ ಇಷ್ಟು ಜನ ನಗದೆ ನಿಂತದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅವನು ಇಲ್ಲ ಅನ್ನಲಿಲ್ಲ. ಹೌದು ಎಂದೂ ಅನ್ನಲಿಲ್ಲ, ಸುಮ್ಮನಿದ್ದ. ಜನ ಅದನ್ನು ಹೌದು ಎಂದು ತೆಗೆದುಕೊಂಡರು.

ಅಕ್ಕ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿ ಅರ್ಧ ದಾರ ಸುತ್ತಿದ ಕನ್ನಡಕವಿತ್ತು. ಅವಳು ಉಳಿದ ದಾರ ಸುತ್ತತೊಡಗಿದಳು.

ಮರುದಿನವೇ ಅಧ್ಯಕ್ಷರು ಅವನನ್ನು 'ಗುಮ್ಮಾಧಿಕಾರಿ' ಎಂದು ನೇಮಿಸಿದರು. ಕೈಯಿರುವ ಕುರ್ಚಿ ಕೊಟ್ಟರು. ಕಟ್ಟಡದ ಹುಡುಗ ಹುಡುಗಿಯರು ಅವನ ಸುತ್ತ ಕುಳಿತು ಪಾಠ ಕೇಳಿದರು.

"ಗುಮ್ಮನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕಾ, ಅಣ್ಣ?"

"ಅಯ್ಯೋ, ನೋಡ್ಲೇಬಾರ್ದು. ನಾನಂತೂ ನೋಡೇ ಇಲ್ಲ."

"ಹೊಡೆಯೋವಾಗ ಮನಸ್ಸಲ್ಲಿ ಏನಿರಬೇಕು?"

"ಏನೂ ಇರಬಾರ್ದು. ಗುಮ್ಮ ಅನ್ನೋದೇ ಗೊತ್ತಿರಬಾರ್ದು."

ಪಾಪ, ಅವನು ಹೇಳಿದ್ದೆಲ್ಲ ಅಪ್ಪಟ ನಿಜ. ಮಕ್ಕಳು ಅದನ್ನು ಮಹಾ ತತ್ವ ಎಂದು ಬಾಯಿಪಾಠ ಮಾಡಿದರು.

ಇಲ್ಲಿಯವರೆಗೆ ನಡೆದದ್ದು ತಮಾಷೆ. ಫಜೀತಿ ಶುರುವಾದದ್ದು ಗುಮ್ಮನಿಂದಲೇ. ಇದುವರೆಗೆ ಗುಮ್ಮಗಳು ಬೀದಿಯಲ್ಲಿ ಬರುತ್ತಿದ್ದವು, ಹೋಗುತ್ತಿದ್ದವು. ಈ ಗುಮ್ಮ ಮಾತ್ರ ಏಟಿನ ರುಚಿ ಹತ್ತಿ ಗೇಟಿನ ಮುಂದೆಯೇ ಬಿಡಾರ ಹೂಡಿತು. ಯಾವಾಗ ಗೇಟು ತೆರೆಯುತ್ತದೆ, ಯಾವಾಗ ಬೆತ್ತ ಬರುತ್ತದೆ ಎಂದು ಕಾಯುತ್ತ ಬೀದಿಗೆ ಅಡ್ಡಲಾಗಿ ಮಲಗಿತು. ಜನ, "ನೋಡಿ, ಗುಮ್ಮಾಧಿಕಾರಿ ಅದನ್ನ ಕಾವಲಿಗೆ ಹಾಕಿದಾರೆ," ಎಂದು ಹೆಮ್ಮೆಪಟ್ಟರು. ಹಾಸಿಗೆ ದಿನವನ್ನು ತಾರಸಿಗೆ ಬದಲಾಯಿಸಿದರು. ಮಬ್ಬಣ್ಣ ಕನ್ನಡಕ ಹಾಕಿಕೊಂಡು ತಾರಸಿಯಿಂದ ಒಮ್ಮೆ ಇಣುಕಿದ. ಆ ಕ್ಷಣಕ್ಕೇ ಗುಮ್ಮ ಆಕಳಿಸಿತು. ಮಬ್ಬಣ್ಣ ನೀರಿನ ತೊಟ್ಟಿಯನ್ನು ತಬ್ಬಿಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತ. ಧ್ಯಾನ ಮಾಡುತ್ತಿದ್ದಾನೆ, ತೊಂದರೆ ಕೊಡಬೇಡಿ ಎಂದು ಟೀಚರಮ್ಮ ಎಲ್ಲರನ್ನೂ ಕೆಳಗೆ ಕಳಿಸಿದರು.

ಅವನ ಹೆದರಿಕೆ ತನ್ನ ಪ್ರಾಣಕ್ಕಾಗಿ ಮಾತ್ರ ಆಗಿರಲಿಲ್ಲ. ಹೆರಿಗೆ ಮಾಡಿಸಬಲ್ಲ ನರ್ಸಮ್ಮ ಇದ್ದದ್ದು ಬೀದಿಯಾಚೆಯ ಕಟ್ಟಡದಲ್ಲಿ. ಎರಡು ತಾರಸಿಗಳ ನಡುವೆ ಹಗ್ಗ ಎಳೆದು ಒಂದು ಬುಟ್ಟಿ ಕಟ್ಟಿದ್ದರು. ಈ ಕಡೆಯಿಂದ ಗೆಣಸು ಹೋಗುತ್ತಿತ್ತು, ಆ ಕಡೆಯಿಂದ ಔಷಧಿ ಬರುತ್ತಿತ್ತು. ನರ್ಸಮ್ಮ ಮಾತ್ರ ಬುಟ್ಟಿಯಲ್ಲಿ ಬರುವ ಗಾತ್ರದವರಲ್ಲ. ಬೀದಿ ಖಾಲಿಯಾದ ಒಂದು ದಿನ ದಾಟಿಬಂದು ಹೆರಿಗೆಯ ತನಕ ಇಲ್ಲೇ ಇರುತ್ತೇನೆ ಅಂದಿದ್ದರು. ಈಗ ಬೀದಿ ಖಾಲಿಯಾಗುವುದೇ ನಿಂತುಹೋಗಿತ್ತು, ಅದೂ ಮಬ್ಬಣ್ಣನ ದೆಸೆಯಿಂದ.

ಒಂದು ಮಧ್ಯಾಹ್ನ ಅಕ್ಕನಿಗೆ ನೋವು ಶುರುವಾಯಿತು, ಲೆಕ್ಕಕ್ಕಿಂತ ಮುಂಚೆಯೇ. ಭಾವ ಕೋಣೆಯಿಂದ ಹೊರಗೆ, ಹೊರಗಿನಿಂದ ಕೋಣೆಗೆ ಓಡಾಡಿ ಓಡಾಡಿ ಕೊನೆಗೆ ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟ. ಟೀಚರಮ್ಮ ಅಕ್ಕನ ಹೊಟ್ಟೆ ಮುಟ್ಟಿ ನೋಡಿ ಮುಖ ಸಣ್ಣದು ಮಾಡಿಕೊಂಡರು. "ಮಗು ಅಡ್ಡ ಇದ್ದ ಹಾಗಿದೆ. ನನಗೆ ಇದು ಗೊತ್ತಾಗಲ್ಲಪ್ಪ. ನರ್ಸಮ್ಮ ಬರಲೇಬೇಕು. ಇಲ್ಲದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ತಾರಸಿಯಿಂದ ಕೂಗಿದರು. ಎದುರು ತಾರಸಿಯಲ್ಲಿ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು.

"ಬರ್ತೀನಿ! ಈ ಕೋಣನ್ನ ಪಕ್ಕಕ್ಕೆ ಸರಿಸೋರು ಯಾರು? ಅದೇನೋ ಗುಮ್ಮಾಧಿಕಾರಿ ಅಂತ ಮಾಡ್ಕೊಂಡಿದೀರಲ್ಲಾ, ಅವನನ್ನ ಕಳಿಸಿ! ಬೇಗ!"

ಎಲ್ಲರೂ ಮಬ್ಬಣ್ಣನ ಕಡೆ ತಿರುಗಿದರು.

"ಕೇಳಿ, ನಾನು... ಅವತ್ತು ನಂಗೆ ಗುಮ್ಮ ಕಂಡೇ ಇರಲಿಲ್ಲ."

"ಅಬ್ಬಾ, ಎಂಥ ಮಾತು!" ಎಂದರು ಮಾವ. "ಗುಮ್ಮ ಅವನ ಕಣ್ಣಿಗೇ ಕಾಣಲ್ವಂತೆ! ಅಷ್ಟು ತಾತ್ಸಾರ!"

"ಅಯ್ಯೋ, ನಿಜವಾಗ್ಲೂ ಮಾವ, ನಾನು ಹಾಸಿಗೆ ಅಂದ್ಕೊಂಡೆ!"

"ಹಾಸಿಗೆ! ಕೇಳಿದ್ರಾ? ಗುಮ್ಮ ಅಂದ್ರೆ ಹಾಸಿಗೆ ಅವನಿಗೆ!"

ನಿಜ ಹೇಳಿದಷ್ಟೂ ಹೊಗಳಿಕೆ ಹೆಚ್ಚಾಯಿತು. ಮಬ್ಬಣ್ಣ ಅಲ್ಲಿಂದ ತಪ್ಪಿಸಿಕೊಂಡು ಅಕ್ಕನ ಕೋಣೆಗೆ ಓಡಿದ. ಅವಳು ಮಂಚದ ಸರಳು ಹಿಡಿದು ಹಲ್ಲು ಕಚ್ಚಿ ಮಲಗಿದ್ದಳು, ಮುಖವೆಲ್ಲ ಬೆವರು. ಅವನು ಪಕ್ಕದಲ್ಲಿ ಕುಸಿದು ಕುಳಿತ.

"ಅಕ್ಕ, ನಾನು ಸುಳ್ಳ. ನಾನು ಗುಮ್ಮನ್ನ ಗೆಲ್ಲಲಿಲ್ಲ, ಏನೂ ಇಲ್ಲ. ಅವತ್ತು ನಂಗೆ ಕಣ್ಣೇ..."

"ಗೊತ್ತು."

"ಗೊತ್ತಾ?"

"ಕನ್ನಡಕ ನನ್ನ ಕೈಲೇ ಇತ್ತಲ್ಲೋ, ಪೆದ್ದು ಮುಂಡೇದೆ." ನೋವು ಬಂತು. ಅವಳು ಅವನ ಕೈಯನ್ನು ಮುರಿದುಹೋಗುವ ಹಾಗೆ ಹಿಡಿದಳು. ನೋವು ಇಳಿದ ಮೇಲೆ ಏದುಸಿರು ಬಿಡುತ್ತ ಅಂದಳು, "ಎಲ್ರೂ ನಿನ್ನನ್ನ ಮನುಷ್ಯನ ಹಾಗೆ ನೋಡ್ತಿದ್ರು. ನಾನ್ಯಾಕೆ ಬಾಯಿ ಬಿಡ್ಲಿ?"

ಮಬ್ಬಣ್ಣನಿಗೆ ಅಳು ತಡೆಯಲಾಗಲಿಲ್ಲ. "ಈಗ ಏನ್ ಮಾಡ್ಲಿ ಅಕ್ಕ? ನೀನು ಸತ್ತು ಹೋದ್ರೆ ನಂಗೆ ಯಾರಿದಾರೆ?"

"ನಾನೂ ಕಿಟಕಿಯಿಂದ ನೋಡ್ತಾ ಇದ್ದೆ ಕಣೋ. ನಿಂಗೆ ಕಾಣ್ಲಿಲ್ಲ, ಅಷ್ಟೇ. ಬಡಿದದ್ದು ಸುಳ್ಳಲ್ಲ, ಅದು ಸುಮ್ನೆ ಬಡಿಸ್ಕೊಂಡದ್ದೂ ಸುಳ್ಳಲ್ಲ. ಬಗ್ಗು ಇಲ್ಲಿ." ಅವನು ಬಗ್ಗಿದ. ಅಕ್ಕ ಅವನ ಕನ್ನಡಕ ತೆಗೆದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು. "ಹ್ಞೂ, ಈಗ ಹೋಗು. ಅಪ್ಪನ ಬೆತ್ತ ತಗೊಂಡು ಹೋಗು. ಕಪಾಟಿಗಲ್ಲ, ಬಾಗಿಲು ಈ ಕಡೆ."

ಗೇಟು ತೆರೆಯಿತು. ಮಬ್ಬಣ್ಣ ಬೆತ್ತ ಹಿಡಿದು ಬೀದಿಗೆ ಕಾಲಿಟ್ಟ. ಎದುರಿಗೆ ದೊಡ್ಡದೊಂದು ಬೂದು ಬಣ್ಣ ಕಂಡಿತು. ಉಸಿರು ಬಿಗಿಹಿಡಿದು, ಬೆತ್ತ ಎತ್ತಿ, ಇದ್ದ ಶಕ್ತಿಯೆಲ್ಲ ಹಾಕಿ ಬಡಿದ. ಠಣ್ ಅಂತು.

"ಅಯ್ಯಯ್ಯೋ, ನನ್ನ ಕಾರು!" ಎಂದು ಎರಡನೇ ಮಹಡಿಯಿಂದ ಅಧ್ಯಕ್ಷರು ಚೀರಿದರು.

"ಎಡಕ್ಕೆ! ಎಡಕ್ಕೆ ಹೋಗು!" ಎಂದು ಈ ಕಟ್ಟಡದ ಕಿಟಕಿಗಳು ಕೂಗಿದವು. "ಬಲಕ್ಕೆ! ಬಲಕ್ಕೆ!" ಎಂದು ಎದುರು ಕಟ್ಟಡದ ಕಿಟಕಿಗಳು ಕೂಗಿದವು. ಟೀಚರಮ್ಮ ಎರಡೂ ಕೈ ಬೀಸುತ್ತ, "ಎಲ್ರೂ ಬಾಯಿ ಮುಚ್ಚಿ! ಲೇ, ಅವರ ಬಲ ಅಂದ್ರೂ ನಿನ್ನ ಎಡ ಅಂದ್ರೂ ಒಂದೇ ಕಣೋ!" ಅಂದರು. ಇದರಿಂದ ಮಬ್ಬಣ್ಣನ ತಲೆ ಇನ್ನಷ್ಟು ಗೊಂದಲಕ್ಕೆ ಬಿತ್ತು.

ಕೊನೆಗೆ ದಾರಿ ತೋರಿಸಿದ್ದು ಗುಮ್ಮನೇ. ಬೆತ್ತದ ಸದ್ದು ಕೇಳಿದ್ದೇ ತಡ, ಅದು ಎದ್ದು ಬಂದು ಅವನ ಕಾಲ ಬುಡದಲ್ಲಿ ಧೊಪ್ಪನೆ ಬಿದ್ದುಕೊಂಡಿತು. ಬಿಸಿ ಉಸಿರು ಅವನ ಮೊಣಕಾಲಿಗೆ ತಾಗಿತು. ಈ ಸಲ ಮಬ್ಬಣ್ಣನಿಗೆ ಅದು ಏನೆಂದು ಗೊತ್ತಿತ್ತು. ಓಡಿಬಿಡೋಣ ಅನ್ನಿಸಿತು. ಆಗ ಮೇಲಿನ ಕಿಟಕಿಯಿಂದ ಅಕ್ಕನ ಕೂಗು ಕೇಳಿಸಿತು.

"ಹಾಸಿಗೆ," ಎಂದು ಮಬ್ಬಣ್ಣ ತನಗೆ ತಾನೇ ಹೇಳಿಕೊಂಡ. "ಮಾವನ ಹಾಸಿಗೆ. ಬರೀ ಹಾಸಿಗೆ." ಕಣ್ಣೀರು ಸುರಿಸುತ್ತಲೇ ಬಡಿಯಲು ಶುರುಮಾಡಿದ.

ಗುಮ್ಮ ಕಾಲು ಚಾಚಿತು. ಎದುರು ಗೇಟಿನಿಂದ ನರ್ಸಮ್ಮ ಚೀಲ ಹಿಡಿದು ಹೊರಟರು. ಓಡುವ ಪೈಕಿಯಲ್ಲ ಅವರು. ತರಕಾರಿಗೆ ಹೊರಟವರಂತೆ ಧಿಮಾಕಿನಿಂದ ನಡೆದುಬಂದು, ಗುಮ್ಮನ ಪಕ್ಕ ಒಂದು ಕ್ಷಣ ನಿಂತರು.

"ಸೊಂಟದ ಹತ್ರ ಇನ್ನೂ ನಾಲ್ಕು ಹಾಕು. ಅಲ್ಲಿ ತಿಗಣೆ ಗುಡ್ಡೆ ಗುಡ್ಡೆ ಇದೆ," ಎಂದು ಹೇಳಿ ಒಳಗೆ ಹೋದರು.

ಮಬ್ಬಣ್ಣ ಸೊಂಟದ ಹತ್ತಿರ ಬಡಿದ. ನರ್ಸಮ್ಮ ಒಳಗೆ ಹೋದರು, ಇನ್ನು ನಾನೂ ಹೋಗೋಣ ಎಂದು ಬೆತ್ತ ಇಳಿಸಿದ. ಗುರ್ರ್ ಅಂತು ಗುಮ್ಮ. ಮತ್ತೆ ಬಡಿದ, ಸುಮ್ಮನಾಯಿತು. ನಿಲ್ಲಿಸಿದ, ಗುರ್ರ್ ಅಂತು. ಅವನಿಗೆ ಪರಿಸ್ಥಿತಿ ಅರ್ಥವಾಯಿತು. ಬಲಗೈ ಸೋತಿತು, ಎಡಗೈಗೆ ಬದಲಾಯಿಸಿದ. ಎಡಗೈಯೂ ಸೋತಿತು, ಎರಡೂ ಕೈಯಲ್ಲಿ ಹಿಡಿದ. ಬೆತ್ತ ಮೇಲೇಳುವುದೇ ಕಷ್ಟವಾಯಿತು. ಗುಮ್ಮನಿಗೆ ಏಟು ಸಪ್ಪೆಯಾಗಿ ಅದು ತಲೆಯೆತ್ತಿತು. ಮೇಲಿನವರೆಲ್ಲ ಉಸಿರು ಬಿಡುವುದನ್ನೂ ಮರೆತು ನೋಡುತ್ತಿದ್ದರು.

ಆಗ ಗೇಟಿನಿಂದ ಯಾರೋ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಓಡಿಬಂದರು. ಕೈಯಲ್ಲಿ ಬಟ್ಟೆ ಒಗೆಯುವ ಕೋಲು. ಕಿ‌ಟಕಿಗೂ ಹೆದರುವ ಭಾವ!

"ಎಲ್ಲಿದೆ? ಎಲ್ಲಿದೆಯೋ ಅದು?"

"ಇಲ್ಲೇ ಮುಂದೆ, ಭಾವ. ಕಣ್ಣು ಬಿಡಬೇಡಿ. ಹೊಡೀರಿ!"

ಭಾವ ಹೊಡೆದ. ಮೊದಲ ಏಟು ಮಬ್ಬಣ್ಣನ ಬೆನ್ನಿಗೆ ಬಿತ್ತು, ಎರಡನೆಯದು ಸರಿಯಾದ ಜಾಗಕ್ಕೆ. ಅದನ್ನು ನೋಡಿ ಮಾವ ಇಳಿದು ಬಂದರು, ಚಾಪೆ ಸುತ್ತಿ ಹಿಡಿದುಕೊಂಡು. ಟೀಚರಮ್ಮ ಹಳೆಯ ಅಡಿಕೋಲು ತಂದರು. ಎಷ್ಟೋ ವರ್ಷಗಳಿಂದ ಅದಕ್ಕೆ ಕೆಲಸವಿರಲಿಲ್ಲ. ಕೊನೆಗೆ ಅಧ್ಯಕ್ಷರೂ ಬಂದರು, ಕಾರು ಒರೆಸುವ ಬಟ್ಟೆ ಹಿಡಿದು. "ನೀವು ಧೂಳು ಹೊಡೀರಿ, ನಾನು ಫಿನಿಶಿಂಗ್ ಕೊಡ್ತೀನಿ," ಎಂದು ಒರೆಸತೊಡಗಿದರು. ಸುತ್ತ ನಿಂತು ಎಲ್ಲರೂ ಬಡಿದರು. "ಮಾವ, ನೀವು ಒಂದೇ ಕಡೆ ಹೊಡೀತಿದೀರಿ." "ಟೀಚರ್, ಅದು ಮೂಗು!" ಎಂದು ಜಗಳವನ್ನೂ ಆಡಿದರು. ಗುಮ್ಮ ಅಂಗಾತ ಮಲಗಿ ನಾಲ್ಕು ಕಾಲೂ ಆಕಾಶಕ್ಕೆ ಮಾಡಿತ್ತು.

ಮೇಲಿನ ಕಿಟಕಿಯಿಂದ ಮಗುವಿನ ಅಳು ಕೇಳಿಸಿತು.

ಎಲ್ಲರ ಕೈ ಹಾಗೇ ನಿಂತಿತು. ಗುಮ್ಮ ಥಟ್ಟನೆ ಎದ್ದು ಕುಳಿತು, ಅಳು ಬಂದ ಕಡೆಗೆ ತಲೆ ತಿರುಗಿಸಿತು. ಬಾಯಿ ತೆರೆಯಿತು. ಮಬ್ಬಣ್ಣ ಬೆತ್ತ ಅಡ್ಡ ಹಿಡಿದು ಅದರ ಮುಂದೆ ಹೋಗಿ ನಿಂತ. ಈ ಬಾರಿ ಅದು ಹಾಸಿಗೆ ಎಂದು ಅವನು ಅಂದುಕೊಳ್ಳಲಿಲ್ಲ.

"ಅದು ನನ್ನ ಅಕ್ಕನ ಮಗು," ಅಂದ. "ಆ ಕಡೆ ನೋಡಿದ್ರೆ ಜಾಗ್ರತೆ."

ಗುಮ್ಮ ಅವನನ್ನು ಮೂಸಿತು. ಬೆತ್ತವನ್ನು ಮೂಸಿತು. ಆಮೇಲೆ ಬಾಯನ್ನು ಇನ್ನೂ ದೊಡ್ಡದಾಗಿ ತೆರೆದು, ಆಕಳಿಸಿ, ಇನ್ನೊಂದು ಮಗ್ಗುಲಿಗೆ ಹೊರಳಿ ನಿದ್ದೆಹೋಯಿತು. ಸಂಘದ ಸದಸ್ಯರು ತುದಿಗಾಲಲ್ಲಿ ಒಳಗೆ ಬಂದು ಗೇಟು ಹಾಕಿದರು. ಬೀಗ ಬಿದ್ದಿದೆಯೇ ಎಂದು ಟೀಚರಮ್ಮ ತಾವೇ ಎಳೆದು ನೋಡಿದರು.

ಕೋಣೆಯಲ್ಲಿ ಅಕ್ಕ ಸುಸ್ತಾಗಿ ನಗುತ್ತಿದ್ದಳು. ಭಾವ ಒಳಗೆ ಬಂದವನು ಅವಳನ್ನೊಮ್ಮೆ, ಮಗುವನ್ನೊಮ್ಮೆ ನೋಡಿ, ಮಂಚದ ಕಾಲ ಬಳಿ ಕುಳಿತು ನಗಲು ಹೋಗಿ ಅತ್ತ. ಉಳಿದವರೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಅಕ್ಕ ದಿಂಬಿನ ಕೆಳಗಿನಿಂದ ಕನ್ನಡಕ ತೆಗೆದು ತಮ್ಮನ ಮೂಗಿನ ಮೇಲೆ ಇಟ್ಟಳು. ನರ್ಸಮ್ಮ ಬಟ್ಟೆ ಸುತ್ತಿದ ಮಗುವನ್ನು ಅವನ ಮುಂದೆ ಚಾಚಿದರು.

"ತಗೋ, ಹಿಡ್ಕೋ. ಸೋದರ ಸೊಸೆ."

ಮಬ್ಬಣ್ಣ ನೋಡಿದ. ಒಂದೊಂದು ರೆಪ್ಪೆಯೂ ಕಂಡಿತು, ಬೆರಳಿನ ಒಂದೊಂದು ಉಗುರೂ ಕಂಡಿತು. ಕೆಂಪಗಿನ ಆ ಪುಟ್ಟ ಬಾಯಿ ತೆರೆಯಿತು. ಅವನು ಗೋಡೆಗೆ ತಾಗುವ ತನಕ ಹಿಂದೆ ಸರಿದ.

"ಬೇಡ ನರ್ಸಮ್ಮ, ನಂಗೆ ಹೆದರಿಕೆ!"

"ಇದೇನೋ ಇದು? ಗುಮ್ಮನ್ನ ಬಡಿದವನಿಗೆ ಅಂಗೈಯಗಲದ ಕೂಸು ಕಂಡ್ರೆ ಹೆದರಿಕೆಯೇ?"

"ಗುಮ್ಮ ನಂಗೆ ಕಾಣಿಸ್ತಿರಲಿಲ್ಲ ನರ್ಸಮ್ಮ. ಎರಡು ಸಲಾನೂ ಕಾಣಿಸ್ಲಿಲ್ಲ. ಇದು ಪೂರ್ತಿ ಕಾಣಿಸ್ತಾ ಇದೆ!"

ಬಾಗಿಲಲ್ಲಿ ನಿಂತವರಿಗೆ ಕನ್ನಡಕ, ಹಾಸಿಗೆಯ ಮಾತು, ಕಾರಿಗೆ ಬಿದ್ದ ಏಟು, ಎಲ್ಲ ಒಂದಕ್ಕೊಂದು ಹೊಂದಿಕೊಂಡಿತು. ಈಗ ನಗುತ್ತಾರೆ ಎಂದು ಮಬ್ಬಣ್ಣ ಕಾದ. ಯಾರೂ ನಗಲಿಲ್ಲ. ಟೀಚರಮ್ಮ ಮಾತ್ರ ಅಡಿಕೋಲನ್ನು ಅಂಗೈ ಮೇಲೆ ನಿಧಾನವಾಗಿ ತಟ್ಟಿಕೊಳ್ಳುತ್ತ ಹಿಂದಕ್ಕೆ ತಿರುಗಿದರು.

"ಹುಡುಗನಿಗೆ ಗುಮ್ಮ ಬಂದದ್ದೇ ಗೊತ್ತಿರಲಿಲ್ಲ ಅಂದ್ಮೇಲೆ, ಗುಮ್ಮನ್ನ ಒಳಗೆ ಬಿಡಿ ಅಂತ ಅವನು ಕೇಳ್ಕೊಂಡದ್ದು ಯಾವಾಗ, ಅಧ್ಯಕ್ಷರೇ?"

ಅಧ್ಯಕ್ಷರು ಇದ್ದ ಜಾಗದಲ್ಲಿ ಅಧ್ಯಕ್ಷರು ಇರಲಿಲ್ಲ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಎರಡನೇ ಮಹಡಿಯಲ್ಲಿ ಚಿಲಕ ಬಿದ್ದ ಸದ್ದು ಕೇಳಿಸಿತು. ಎಲ್ಲರೂ ಕೋಲು ಚಾಪೆ ಹಿಡಿದುಕೊಂಡೇ ಆ ಕಡೆಗೆ ಹೊರಟರು.

"ಕೈ ಚಾಚೋ," ಅಂದಳು ಅಕ್ಕ.

ಮಬ್ಬಣ್ಣ ಕನ್ನಡಕ ತೆಗೆಯಲು ಕೈ ಎತ್ತಿದ.

"ಹ್ಞಾ ಹ್ಞಾ, ಅದು ಇರ್ಲಿ. ಇದನ್ನ ನೋಡ್ಕೊಂಡೇ ಹಿಡಿಬೇಕು."

ಅವನು ಎರಡೂ ಕೈ ಚಾಚಿದ. ನರ್ಸಮ್ಮ ಮಗುವನ್ನು ಅವುಗಳ ಮೇಲೆ ಇಟ್ಟರು. ಕೆಳಗೆ ಬೀದಿಯಲ್ಲಿ ಗುಮ್ಮ ಎಚ್ಚರಗೊಂಡು, ಉಳಿದ ಮಗ್ಗುಲು ಬಡಿಯುವುದು ಯಾವಾಗ ಎಂದು ಗುರುಗುಟ್ಟಿತು.

"ಸ್ವಲ್ಪ ತಡಿ, ಬಂದೆ!" ಎಂದು ಮಬ್ಬಣ್ಣ ಮಗುವಿನ ಮುಖದಿಂದ ಕಣ್ಣು ಕೀಳದೆ ಕಿಟಕಿಯ ಕಡೆಗೆ ಹೇಳಿದ.